ಕಾಟಾಕ್ಕೆ ಸಿಗದ ತೂಕ

ನಮ್ಮ ಊರಿಗೆ ಬರುವುದಾದರೆ ದಾರಿಯಲ್ಲಿ ಯಾರನ್ನೂ ಕೇಳಬೇಡಿ; ಕೇಳಿಕೊಂಡು ಹೊರಟವರೆಲ್ಲ ಬೇರೆ ಯಾವುದೋ ಊರು ಸೇರಿ, ಅಲ್ಲೇ ಮದುವೆಯಾಗಿ, ಮೊಮ್ಮಕ್ಕಳನ್ನು ಆಡಿಸುತ್ತ ಕೂತಿದ್ದಾರೆ. ರೈಲು ನಿಲ್ಲದ ಒಂದು ಸ್ಟೇಶನ್ನು, ಅದರಾಚೆ ಮೂರು ಬೋಳು ಗುಡ್ಡ, ಗುಡ್ಡಗಳ ನಡುವೆ ಹತ್ತಿ ಗಿರಣಿಯ ಚಿಮಣಿ ಕಂಡರೆ ಅದೇ ನಮ್ಮೂರು. ಆ ಊರಿನ ದೊಡ್ಡಾಸ್ಪತ್ರೆಯ ತುರ್ತು ವಾರ್ಡಿನ ಬಾಗಿಲಲ್ಲಿ ಇಪ್ಪತ್ತಾರು ವರ್ಷ ತೂಕದ ಕಾಟಾ ನೋಡಿದ ಕರಿಬಸಪ್ಪ ನಾನೇ. ಹೆಸರು ಕೇಳಿಲ್ಲವೆಂದರೆ ತಪ್ಪು ನಿಮ್ಮದಲ್ಲ, ನಿಮಗೆ ಇನ್ನೂ ಅಂಥ ಪೆಟ್ಟು ಬಿದ್ದಿಲ್ಲ ಅಷ್ಟೇ.

ನಮ್ಮೂರಿನಲ್ಲಿ ನೋವಿಗೆ ತೂಕವಿದೆ. ಇದನ್ನು ಕೇಳಿ ಪರ ಊರಿನವರು ಕಣ್ಣು ಬಿಡುತ್ತಾರೆ. ಅವರು ಕಣ್ಣು ಬಿಡುವುದನ್ನು ನೋಡಿ ನಾವು ಕಣ್ಣು ಬಿಡುತ್ತೇವೆ. ಹಲ್ಲುನೋವು ಎರಡು ಕೇಜಿ, ಕಿವಿನೋವು ಮೂರು, ಚೇಳು ಕಡಿದರೆ ಏಳೆಂಟು. ಹೊಟ್ಟೆನೋವು ಎಂದು ಮುಲುಗುವ ಮಗುವನ್ನು ತಾಯಿ ಒಮ್ಮೆ ಎತ್ತಿ ನೋಡುತ್ತಾಳೆ, ಇಳಿಸಿ, ಬೆನ್ನಿಗೆ ಪಾಟಿಚೀಲ ಹಾಕಿ ಶಾಲೆಗೆ ಅಟ್ಟುತ್ತಾಳೆ. ಹಿಂದಿನ ದಿನ ಜಗಳವಾಡಿದ ಗಂಡ ಬೆಳಿಗ್ಗೆ ಹೆಂಡತಿಯನ್ನು ಸೊಂಟ ಹಿಡಿದು ಎತ್ತಿ ನೋಡುತ್ತಾನೆ. ನೆಲ ಬಿಟ್ಟು ಏಳದಿದ್ದರೆ ಸುಮ್ಮನೆ ಒಲೆಯ ಕಡೆ ಹೋಗಿ ತಾನೇ ಚಹಾ ಕಾಸುತ್ತಾನೆ. ಸಾವಿನ ಮನೆಗೆ ಯಾರೂ ಪ್ಲಾಸ್ಟಿಕ್ ಕುರ್ಚಿ ಕೊಡುವುದಿಲ್ಲ. ನನ್ನ ಮಾವ ತೀರಿಕೊಂಡಾಗ ಅತ್ತೆ ಕೂತಿದ್ದ ಕಲ್ಲುಕಟ್ಟೆ ಮೊಳದಷ್ಟು ಭೂಮಿಗೆ ಇಳಿಯಿತು. ವರ್ಷಾಂತಿಕ ಮುಗಿದ ಮೇಲೆ ನಾವು ಅದನ್ನೇ ಮೆಟ್ಟಿಲು ಮಾಡಿಕೊಂಡೆವು. ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಇದ್ದರೆ ಎರಡು ಇರಬಹುದು.

ಇಂಥ ಊರಿನ ಆಸ್ಪತ್ರೆಗೆ ಕಾಟಾ ಇಲ್ಲದಿದ್ದರೆ ಹೇಗೆ? ಮಾರುಕಟ್ಟೆಯಲ್ಲಿ ಮೂಟೆ ತೂಗುತ್ತಾರಲ್ಲ, ಅದೇ ಜಾತಿಯ ಕಬ್ಬಿಣದ ಹಲಗೆ, ಪಕ್ಕದಲ್ಲಿ ಗಡಿಯಾರದಂಥ ಮುಖ, ಅದರಲ್ಲೊಂದು ಕೆಂಪು ಮುಳ್ಳು. ಊರಿನ ಪ್ರತಿಯೊಬ್ಬನ ಹತ್ತಿರವೂ ಒಂದು ಚೀಟಿ ಇರುತ್ತದೆ, ಅದರಲ್ಲಿ ಅವನ ಬರಿಮೈ ತೂಕ. ನೋವಿಲ್ಲದ ದಿನ ನೋಡಿ ವರ್ಷಕ್ಕೊಮ್ಮೆ ನಾನೇ ತೂಗಿ ಬರೆದುಕೊಡುತ್ತಿದ್ದೆ. ರೋಗಿ ಬಂದ ಕೂಡಲೆ ಹಲಗೆಯ ಮೇಲೆ ನಿಲ್ಲಿಸುವುದು, ಮುಳ್ಳು ತೋರಿಸಿದ್ದರಲ್ಲಿ ಚೀಟಿಯದನ್ನು ಕಳೆಯುವುದು, ಉಳಿದದ್ದು ನೋವು. ಹೆಚ್ಚು ಭಾರದವರು ಮೊದಲು ಒಳಗೆ, ಉಳಿದವರು ಗೋಡೆಯ ಪಕ್ಕದ ಬೆಂಚಿಗೆ. "ಹನ್ನೆರಡು ಕೇಜಿ! ಒಳಗ!" ಎಂದು ನಾನು ಕೂಗಿದರೆ ಗಿರಣಿಯ ಭೋಂಗಾ ನಾಚಿಕೊಂಡು ಸುಮ್ಮನಾಗುತ್ತಿತ್ತು. ಸಾವಿರ ಸುಳ್ಳು ಹೇಳಿ ಬದುಕಿದವನು ನಾನು, ಒಪ್ಪುತ್ತೇನೆ. ಆದರೆ ಕಾಟಾದ ಮುಂದೆ ಒಂದು ಗ್ರಾಂ ಏರಿಸಿದವನಲ್ಲ, ಇಳಿಸಿದವನಲ್ಲ. ನನ್ನ ಸ್ವಂತ ಹೆಂಡತಿ ಚೇಳು ಕಡಿಸಿಕೊಂಡು ಬಂದಾಗ ಮೂರು ಜನರ ಹಿಂದೆ ಕೂರಿಸಿದೆ. ಅವಳು ಆರು ತಿಂಗಳು ನನ್ನ ಸಾರಿಗೆ ಉಪ್ಪು ಹಾಕಲಿಲ್ಲ.

ಕಾಟಾ ಸರಿಯಾಗಿದೆಯೋ ಇಲ್ಲವೋ ಎಂದು ಪ್ರತಿ ಸೋಮವಾರ ಪರೀಕ್ಷೆ ಮಾಡಬೇಕು. ಉಗ್ರಾಣದಿಂದ ಐವತ್ತೈವತ್ತು ಕೇಜಿಯ ಎರಡು ಕಬ್ಬಿಣದ ತೂಕದ ಕಲ್ಲು ತಂದು ಹಲಗೆಯ ಮೇಲೆ ಇಡಬೇಕು. ಆ ಕೆಲಸ ಹುಲಿಗೆವ್ವನದು. ಹುಲಿಗೆವ್ವ ಗೋಣಿ ಓಣಿಯವಳು, ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ಗೋಣಿ ಓಣಿಯಲ್ಲಿ ಹುಟ್ಟಿದವರು ನಡೆಯುವುದಕ್ಕಿಂತ ಮೊದಲು ಹೊರುವುದನ್ನು ಕಲಿಯುತ್ತಾರೆ. ಅವಳು ತಲೆಯ ಮೇಲೊಂದು, ಕಂಕುಳಲ್ಲೊಂದು ಕಲ್ಲು ಇಟ್ಟುಕೊಂಡು, ಎಲೆ ಅಡಿಕೆ ಅಗಿಯುತ್ತ, ಮಲ್ಲಿಗೆ ಬುಟ್ಟಿ ಹೊತ್ತವಳ ಹಾಗೆ ಬರುತ್ತಿದ್ದಳು. "ಕರಿಬಸಣ್ಣಾ, ವಾರಕ್ಕೊಮ್ಮೆ ಕಾಟಾಕ್ಕ ಕಲ್ಲು ಹೊರಿಸಿ ಪರೀಕ್ಷಾ ಮಾಡ್ತಿ. ನಿನಗ ಯಾವತ್ತು ಹೊರಿಸೋದು?" ಅನ್ನುತ್ತಿದ್ದಳು. "ನನಗ ನಿನ್ನ ಬಾಯಿ ಸಾಕಾಗೇತಿ, ಅದಽ ಕ್ವಿಂಟಾಲ್ ಐತಿ" ಅನ್ನುತ್ತಿದ್ದೆ ನಾನು. ಇಪ್ಪತ್ತಾರು ವರ್ಷ ಹೀಗೇ.

ಇಂಥ ವಾರ್ಡಿಗೆ, ನಾನು ಕಾಟಾ ಹಿಡಿದ ಇಪ್ಪತ್ತಾರನೇ ವರ್ಷ, ಇಬ್ಬರು ಎಳೆಯ ಡಾಕ್ಟರು ಬಂದರು. ಒಬ್ಬಳು ಹೊನ್ನೂರಬಿ. ಕೋಲಿನಂಥ ಹುಡುಗಿ, ಮಾತು ಕಡಿಮೆ, ನಡಿಗೆ ಮಾತ್ರ ಬೆನ್ನ ಮೇಲೆ ಏನೋ ಇರುವವಳಂತೆ ನೆಟ್ಟಗೆ. ಇನ್ನೊಬ್ಬ ಗುರುಸಿದ್ಧ. ಅವನಿಗೆ ಕಿವಿ ಮಂದ, ಕಿವಿಯಲ್ಲೊಂದು ಮಶೀನು. ಅದು ಕೈಕೊಟ್ಟರೆ ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ. ಹೀಗಾಗಿ ಅವನು ಯಾರನ್ನು ನೋಡಿದರೂ ಹೆಣ್ಣು ನೋಡಲು ಬಂದವನ ಹಾಗೆ ನೋಡುತ್ತಿದ್ದ. ಕಿವುಡ ಡಾಕ್ಟರು ಎದೆಯ ಬಡಿತ ಹೇಗೆ ಕೇಳುತ್ತಾನೆಂದು ನಾನು ಊರಿಗೆಲ್ಲ ನಗೆ ಹಂಚಿದೆ. ಅವನು ಒಂದು ದಿನ ನನ್ನ ಎದೆಯ ಮೇಲೆ ಅಂಗೈ ಇಟ್ಟು, "ಕಾಕಾ, ಮುಂಜಾನೆ ಮೂರು ಮಿರ್ಚಿ ತಿಂದೀರಿ" ಎಂದ. ತಿಂದದ್ದು ಒಂಬತ್ತು. ಆದರೂ ಅವತ್ತಿನಿಂದ ನಾನು ನಗೆ ಹಂಚುವುದನ್ನು ಕಡಿಮೆ ಮಾಡಿದೆ.

ಇವರು ಬಂದ ತಿಂಗಳಿಗೇ ಒಂದು ಸಮಿತಿ ಮಾಡಿಕೊಂಡರು, ಎಲ್ಲರ ವಾರ್ಡ್ ಸಮಿತಿ ಎಂದು. ಕಾಲಿಲ್ಲದವರಿಗೆ ಮೆಟ್ಟಿಲ ಪಕ್ಕ ಇಳಿಜಾರು ಮಾಡಿಸಿದರು. ಲಂಬಾಣಿ ಬಲ್ಲ ಆಯಾ ಯಾರು, ತೆಲುಗು ಬಲ್ಲ ಕಾವಲುಗಾರ ಯಾರು, ಯಾವ ಹೊತ್ತಿಗೆ ಯಾರು ಸಿಗುತ್ತಾರೆಂದು ಗೋಡೆಯ ಮೇಲೆ ಬರೆದು ಹಾಕಿದರು. ಸೀರೆ ಉಟ್ಟು ಬಂದ ಮಂಜಮ್ಮನನ್ನು ಗಂಡಸರ ಕೋಣೆಗೆ ಹಾಕಬೇಕೋ ಹೆಂಗಸರ ಕೋಣೆಗೋ ಎಂದು ವಾರ್ಡೆಲ್ಲ ಕಿತ್ತಾಡುತ್ತಿದ್ದಾಗ ಹೊನ್ನೂರಬಿ ಅವಳನ್ನೇ ಕೇಳಿ, ಅವಳು ಹೇಳಿದ ಕೋಣೆಗೆ ಕರೆದೊಯ್ದಳು. ಅಲ್ಲಿಯವರೆಗೆ ಅವಳನ್ನೇ ಕೇಳಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಇಷ್ಟೆಲ್ಲ ನಡೆದಾಗಲೂ ನಾನು ಸುಮ್ಮನಿದ್ದೆ. ಹುಡುಗರು, ಆಡಲಿ ಎಂದುಕೊಂಡೆ. ಆಮೇಲೆ ಅವರು ನನ್ನ ಕಾಟಾದ ತಂಟೆಗೆ ಬಂದರು.

ಹತ್ತು ವರ್ಷದ ರಿಜಿಸ್ಟರುಗಳನ್ನು ಹೊರಗೆ ಎಳೆದು, ಧೂಳು ಕೊಡವಿ, ಹದಿನೈದು ದಿನ ಓದಿದರು. ಓದಿ ನನ್ನ ಹತ್ತಿರ ಬಂದು ಹೊನ್ನೂರಬಿ ಹೇಳಿದಳು: "ಕಾಕಾ, ಹತ್ತು ವರ್ಷದಾಗ ಗೋಣಿ ಓಣಿಯವರು ಒಬ್ಬರೂ ಮೊದಲು ಒಳಗ ಹೋಗಿಲ್ಲ. ಕಲ್ಲಿನ ಕಣಿಯವರು ಹೋಗಿಲ್ಲ, ದೋಬಿ ಘಾಟಿನವರು ಹೋಗಿಲ್ಲ. ಹನ್ನೊಂದು ಮಂದಿ ಬೆಂಚಿನ ಮ್ಯಾಲೇ ತೀರಿಕೊಂಡಾರ." ನನಗೆ ಮೈಯೆಲ್ಲ ಉರಿಯಿತು. "ಏನವ್ವಾ ಡಾಕ್ಟ್ರವ್ವಾ, ಕಬ್ಬಿಣಕ್ಕ ಜಾತಿ ಐತೇನು? ಮುಳ್ಳಿಗೆ ಓಣಿ ಗೊತ್ತೈತೇನು? ಇದ್ದದ್ದು ತೋರಿಸ್ತೈತಿ, ನಾ ಕೂಗ್ತೀನಿ!" ಎಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಕಬ್ಬಿಣಕ್ಕ ಗೊತ್ತಿಲ್ಲ ಕಾಕಾ. ಬೆನ್ನಿಗೆ ಗೊತ್ತೈತಿ. ಹೊತ್ತು ರೂಢಿ ಆದವರು ನೋವನ್ನೂ ತಾವಽ ಹೊತ್ತಿರ್ತಾರ, ಹಲಿಗಿ ಮ್ಯಾಲೆ ಬಿಡೂದಿಲ್ಲ" ಎಂದಳು.

ಅವಳು ಹೋದ ಮೇಲೆ ಗುರುಸಿದ್ಧ ಒಂದು ರಿಜಿಸ್ಟರನ್ನು ನನ್ನ ಮುಂದೆ ತೆರೆದಿಟ್ಟು ಒಂದು ಸಾಲಿನ ಕೆಳಗೆ ಬೆರಳು ಇಟ್ಟ. ಅಕ್ಷರ ನನ್ನದೇ, ನನ್ನದೇ ದುಂಡು ಅಕ್ಷರ. ಖಾಸಿಂಸಾಬ, ಹಮಾಲಿ, ಗೋಣಿ ಓಣಿ, ಎದೆಯಲ್ಲಿ ಸಂಕಟ, ಹೆಚ್ಚಿನ ಭಾರ ಸೊನ್ನೆ, ಬೆಂಚು. ಅದರ ಮುಂದೆ ಬೇರೆ ಯಾರದೋ ಅಕ್ಷರದಲ್ಲಿ ತೀರಿಕೊಂಡ ಹೊತ್ತು. "ಹೊನ್ನೂರಬಿ ಅವರ ಅಪ್ಪ" ಎಂದ ಗುರುಸಿದ್ಧ. ಆ ಮುಖವನ್ನು ನೆನಪಿಸಿಕೊಳ್ಳಲು ನಾನು ಎಷ್ಟು ತಿಣುಕಿದರೂ ಆಗಲಿಲ್ಲ. ಮುಳ್ಳು ಮಾತ್ರ ನೆನಪಾಯಿತು. ಅದು ಅಲುಗಿರಲಿಲ್ಲ.

ತಪ್ಪಿತಸ್ಥ ಮನುಷ್ಯ ತಲೆ ತಗ್ಗಿಸುತ್ತಾನೆಂದು ಪುಸ್ತಕದಲ್ಲಿ ಬರೆಯುತ್ತಾರೆ. ನಾನು ಕೊಂಬು ಏರಿಸಿದೆ. ನೇರವಾಗಿ ದೊಡ್ಡ ಡಾಕ್ಟರು ಪಂಪಾಪತಿಯವರ ಕೋಣೆಗೆ ನುಗ್ಗಿ ಕಾಟಾದ ಮಾನ ಹೋಗುತ್ತಿದೆ ಎಂದು ಗೋಳಾಡಿದೆ. ದೊಡ್ಡ ಡಾಕ್ಟರು ಕೆಟ್ಟವರಲ್ಲ. ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಯಾರ ಚಪ್ಪಲಿ ಹೊಸದೋ ಅವರು ಮೊದಲು ಒಳಗೆ ಹೋಗುತ್ತಿದ್ದರಂತೆ. ಅದನ್ನು ನಿಲ್ಲಿಸಲೆಂದೇ ಅವರು ಹಟ ಹಿಡಿದು ಕಾಟಾ ತರಿಸಿದ್ದರು. ಹೊನ್ನೂರಬಿಯನ್ನು ಕರೆಸಿ ಕೇಳಿದರು: "ಏನು ಮಾಡಬೇಕಂತೀರಿ?" "ಕಾಟಾ ಇರ್ಲಿ ಸರ್. ಆದ್ರ ಅದಕ್ಕಿಂತ ಮೊದಲು ರೋಗೀನ್ನ ನಾವು ನೋಡ್ತೀವಿ, ಅವರ ಮಾತಿನಾಗ ಕೇಳ್ತೀವಿ." "ಒಂದು ಸಂತಿ ದಿನ ಮಾಡಿ ತೋರಿಸ್ರಿ. ಆದ್ರ ಮುಳ್ಳು ಮೀರಿ ಯಾರನ್ನರ ಒಳಗ ತಗೊಂಡ್ರಿ ಅಂದ್ರ, ಆ ನೋವಿಗೆ ಭಾರ ಇತ್ತು ಅಂತ ನನಗ ಕಾಣಬೇಕು. ಕಾಣಲಿಲ್ಲ, ಸಮಿತಿ ಬಂದ್. ನಿಮ್ಮನ್ನ ನೋವಿಗೆ ತೂಕ ಇಲ್ಲದ ಊರಿಗೆ ವರ್ಗ ಮಾಡ್ತೀನಿ." ಅಂಥ ಊರುಗಳೂ ಇವೆಯಂತೆ. ಅಲ್ಲಿ ಒಬ್ಬರ ನೋವು ಇನ್ನೊಬ್ಬರಿಗೆ ಹೇಗೆ ತಿಳಿಯುತ್ತದೋ ದೇವರೇ ಬಲ್ಲ. ಹೊನ್ನೂರಬಿ ಸರಿ ಎಂದಳು. ಹೋದರೆ ಅವಳೊಬ್ಬಳೇ ಹೋಗುವುದಲ್ಲ. ಗೋಣಿ ಓಣಿಯ ಪಾಲಿಗೆ ಬಾಗಿಲು ಮತ್ತೆ ಹತ್ತು ವರ್ಷ ಮುಚ್ಚಿದಂತೆಯೇ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗೊತ್ತಿದ್ದೂ ನಾನೊಂದು ಕಿತಾಪತಿ ಮಾಡಿದೆ. ಗಿರಣಿಯ ಮಲ್ಲಶೆಟ್ಟರಿಗೆ ಹೆಬ್ಬೆರಳಿನಲ್ಲಿ ಉಗುರುಸುತ್ತು ಆಗಿತ್ತು. ಮಲ್ಲಶೆಟ್ಟರು ಹುಟ್ಟಿದಾಗಿನಿಂದ ತಮ್ಮ ಮೈಯನ್ನು ಬಿಟ್ಟು ಬೇರೆ ಏನನ್ನೂ ಹೊತ್ತವರಲ್ಲ, ಹೀಗಾಗಿ ಅವರ ಸಣ್ಣ ನೋವಿಗೂ ಆನೆಮರಿಯ ತೂಕ. ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಅಷ್ಟು ನೋಯುತ್ತಿತ್ತು. "ಸಾವುಕಾರ್ರ, ಗುರುವಾರ ಮಧ್ಯಾಹ್ನ ಬರ್ರಿ, ವಾರ್ಡು ಖಾಲಿ ಇರ್ತೈತಿ" ಎಂದು ಹೇಳಿ ಕಳಿಸಿದೆ. ಗುರುವಾರವೇ ಸಂತೆ. ಮುಳ್ಳು ಮೂವತ್ತು ದಾಟಿದಾಗ ಈ ಹುಡುಗಿ ಏನು ಮಾಡುತ್ತಾಳೋ ನೋಡೋಣ ಎಂಬುದು ನನ್ನ ಎಣಿಕೆ.

ಸಂತೆಯ ದಿನ ಬೆಳಗಿನಿಂದ ವಾರ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊನ್ನೂರಬಿ ಮತ್ತು ಗುರುಸಿದ್ಧ ಬಾಗಿಲ ಹೊರಗೆ ಎರಡು ಸ್ಟೂಲು ಹಾಕಿಕೊಂಡು, ಬಂದವರ ನಾಡಿ ಹಿಡಿದು, ಉಸಿರು ಎಣಿಸಿ, ಮಾತಾಡಿಸಿ, ಆಮೇಲೆ ನನ್ನ ಹತ್ತಿರ ಕಳಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಒಂದೇ ಒಂದು ಮಂಚ ಖಾಲಿ ಉಳಿದಿತ್ತು. ಆಗ ಬಂದರು ಮಲ್ಲಶೆಟ್ಟರು, ಆರು ಜನ ಎತ್ತಿಕೊಂಡ ಕುರ್ಚಿಯಲ್ಲಿ. ಹಿಂದೆ ಗುಮಾಸ್ತ, ಬಾಳೆಹಣ್ಣು, ಬೀಸಣಿಗೆ. ಅವರು ಹಲಗೆ ಹತ್ತಿದ್ದೇ ಕಾಟಾ ಕಿರುಚಿತು. "ಮೂವತ್ತೊಂದು ಕೇಜಿ!" ಎಂದು ನಾನು ಎದೆ ಉಬ್ಬಿಸಿ ಕೂಗಿದೆ. ಹೊನ್ನೂರಬಿ ಶೆಟ್ಟರ ಬೆರಳು ನೋಡಿ, ನಾಡಿ ನೋಡಿ, "ಸಾವುಕಾರ್ರ, ನಿಮಗ ನೋವು ಭಾಳ ಐತಿ, ಜೀವಕ್ಕ ಅಪಾಯ ಇಲ್ಲ. ಈಗ ಮಾತ್ರಿ ಕೊಡ್ತೀನಿ, ಒಂದು ತಾಸು ತಡೀರಿ" ಎಂದಳು. "ತಡೀಬೇಕಾ? ನಾನಾ?" ಎಂದರು ಶೆಟ್ಟರು. ತಡೆಯುವುದು ಎಂಬ ಮಾತನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು.

ಅದೇ ಗದ್ದಲದಲ್ಲಿ ಹುಲಿಗೆವ್ವ ಬಂದಳು. ನಡೆದುಕೊಂಡೇ ಬಂದಳು, ತಲೆಯ ಮೇಲೆ ಮೂಟೆ ಹೊರುವ ಸಿಂಬಿ ಹಾಗೇ ಇತ್ತು. ಸ್ಟೂಲುಗಳನ್ನು ದಾಟಿ, ರೂಢಿಯಂತೆ ನೇರ ಬಂದು ನನ್ನ ಹಲಗೆ ಹತ್ತಿದಳು. "ಏನಿಲ್ಲ ಕರಿಬಸಣ್ಣಾ, ಎದಿ ಒಂಚೂರು ಹಿಡದಂಗ ಆಗೇತಿ. ಒಂದು ಗುಳಿಗಿ ಕೊಡಸು, ಹೋಗ್ತೀನಿ" ಎಂದಳು. ನಾನು ಮುಳ್ಳು ನೋಡಿದೆ, ಚೀಟಿ ನೋಡಿದೆ, ಮತ್ತೆ ಮುಳ್ಳು ನೋಡಿದೆ. ಹೆಚ್ಚಿಲ್ಲ. ಚೀಟಿಗಿಂತ ಎರಡು ಕೇಜಿ ಕಡಿಮೆ! "ಎರಡು ಕೇಜಿ ಕಡಿಮಿ! ಇದು ನೋವಲ್ಲಬೇ, ಲಾಭ!" ಎಂದು ಕೂಗಿದೆ. ಜನ ನಕ್ಕರು. ಹುಲಿಗೆವ್ವನೂ ನಕ್ಕು, ಇಳಿದು, ಬೆಂಚಿನ ಕಡೆ ತಿರುಗಿದಳು.

ಗುರುಸಿದ್ಧ ಸ್ಟೂಲು ಒದ್ದು ಎದ್ದು ಬಂದ. ಅವಳಾಡಿದ ಮಾತು ಅವನಿಗೆ ಕೇಳಿಸಿರಲಿಲ್ಲ. ಅವನು ತುಟಿಯನ್ನು ನೋಡಿದ್ದ. ತುಟಿ ನೇರಳೆಹಣ್ಣಿನ ಬಣ್ಣವಾಗಿತ್ತು, ಹಣೆಯ ತುಂಬ ತಣ್ಣನೆಯ ಬೆವರು. "ಹೊನ್ನೂರಬೀ!" ಎಂದು ಕೂಗಿದ. ಅವಳು ಓಡಿ ಬಂದು ಹುಲಿಗೆವ್ವನ ಕೈ ಹಿಡಿದು, ಯಾವ ಡಾಕ್ಟರೂ ಯಾವ ಪುಸ್ತಕದಲ್ಲೂ ಓದಿರದ ಒಂದು ಪ್ರಶ್ನೆ ಕೇಳಿದಳು: "ಯವ್ವಾ, ಇವತ್ತು ಎಷ್ಟು ಮೂಟಿ ಹೊತ್ತಿ?" "ನಲವತ್ತವ್ವಾ." "ಯಾವ ಮೂಟಿಗೆ ಕೈ ನಡುಗಿತು?" "ಮೂವತ್ತೊಂದಕ್ಕ" ಎಂದಳು. "ಎಡಗೈನಾ?" "ಹೂಂ. ದವಡಿನೂ ಹಿಡಿತು." "ಆಮ್ಯಾಲೆ ಒಂಬತ್ತು ಮೂಟಿ ಹಂಗಽ ಹೊತ್ತೇನು?" "ಲಾರಿ ತುಂಬಬೇಕಿತ್ತಲ್ಲವ್ವಾ, ನಡುವಽ ಹೆಂಗ ಬಿಡಲಿ?"

ಇಬ್ಬರು ಡಾಕ್ಟರೂ ಸೇರಿ ಹುಲಿಗೆವ್ವನನ್ನು ಎತ್ತಿ ಆ ಒಂದೇ ಖಾಲಿ ಮಂಚದ ಮೇಲೆ ಮಲಗಿಸಿದರು. ಹೊರಗೆ ಯುದ್ಧ ಶುರುವಾಯಿತು. ಗುಮಾಸ್ತ ಎದೆ ಬಡಿದುಕೊಂಡ, ಕುರ್ಚಿ ಹೊತ್ತ ಆರು ಜನ ಬೊಬ್ಬೆ ಹಾಕಿದರು, ಬಾಳೆಹಣ್ಣು ಕಾಲಡಿ ಸಿಕ್ಕು ಪಾಯಸವಾಯಿತು. "ಮೂವತ್ತೊಂದು ಕೇಜಿ ಹೊರಗ, ಎರಡು ಕೇಜಿ ಕಡಿಮಿಯಾಕಿ ಒಳಗ! ಇದೇನು ನ್ಯಾಯ?" ಸದ್ದಿಗೆ ದೊಡ್ಡ ಡಾಕ್ಟರು ಮಹಡಿಯಿಂದ ಇಳಿದು ಬಂದರು. ಯಾರ ಮಾತನ್ನೂ ಕೇಳದೆ ನೇರ ನನ್ನೆದುರು ನಿಂತರು. "ಕರಿಬಸಪ್ಪಾ, ಒಳಗಿರೋ ಹೆಣ್ಣುಮಗಳಿಗೆ ಕಾಟಾ ಎಷ್ಟು ತೋರಿಸ್ತು?"

ನಿಜ ಹೇಳಿದರೆ ಹುಲಿಗೆವ್ವನನ್ನು ಮಂಚದಿಂದ ಇಳಿಸಿ ಬೆಂಚಿಗೆ ತರುತ್ತಾರೆ, ಹುಡುಗಿಯ ಗಂಟುಮೂಟೆ ಕಟ್ಟಿಸುತ್ತಾರೆ, ನನ್ನ ಕಾಟಾ ಗೆಲ್ಲುತ್ತದೆ. ನಾನು ಬೇಡಿದ್ದೂ ಅದನ್ನೇ. ಬಾಗಿಲ ಸಂದಿಯಲ್ಲಿ ಹುಲಿಗೆವ್ವನ ಕೈ ಕಾಣುತ್ತಿತ್ತು. ನೂರು ಕೇಜಿ ಕಬ್ಬಿಣ ಹೊತ್ತು ನಡುಗದ ಆ ಕೈ, ಹೊದಿಕೆಯ ಅಂಚನ್ನು ಹಿಡಿಯಲು ಹುಡುಕಾಡುತ್ತಿತ್ತು. ನನ್ನದೇ ದುಂಡು ಅಕ್ಷರ ಕಣ್ಣ ಮುಂದೆ ಬಂತು. ಹೆಚ್ಚಿನ ಭಾರ ಸೊನ್ನೆ, ಬೆಂಚು.

"ನೂರಾ ಮೂವತ್ತು ಕೇಜಿ, ಸಾಹೇಬ್ರ" ಎಂದೆ.

ಸುಳ್ಳು ಹೇಳುವಾಗ ಸಣ್ಣದು ಹೇಳುವ ಅಭ್ಯಾಸ ನನಗಿಲ್ಲ. ಗುಮಾಸ್ತ ಹಾರಿ ಬಿದ್ದ: "ಏ! ಈಗ ತಾನಽ ಎರಡು ಕೇಜಿ ಕಡಿಮಿ ಅಂತ ಒದರಿದೆಲ್ಲೋ!" "ಆವಾಗ ಕನ್ನಡಕ ಹಾಕ್ಕೊಂಡಿರಲಿಲ್ಲ" ಎಂದೆ. "ಈಗಽ ಎಲ್ಲಿ ಹಾಕ್ಕೊಂಡಿ?" ಎಂದ ಅವನು. ನಾನು ಕನ್ನಡಕ ಹಾಕುವವನೇ ಅಲ್ಲ. ದೊಡ್ಡ ಡಾಕ್ಟರ ಹುಬ್ಬು ಮೇಲೇರಿತು. "ನೂರಾ ಮೂವತ್ತು? ಐವತ್ತರ ಮ್ಯಾಲೆ ತೂಗಿದವರು ಈ ಊರಾಗ ಯಾರೂ ಬದುಕಿಲ್ಲೋ" ಎನ್ನುತ್ತ ಒಳಗೆ ನಡೆದರು. ನಾನು ಹಿಂದೆ, ಗುಮಾಸ್ತ ನನ್ನ ಹಿಂದೆ.

ಒಳಗೆ ನೋಡಿದರೆ, ಹುಲಿಗೆವ್ವ ಮಂಚದ ಮೇಲೆ ಒಣಗಿದ ಹತ್ತಿಕಾಯಿಯ ಹಾಗೆ ಮಲಗಿದ್ದಾಳೆ. ಕೆಳಗಿನ ಹಾಸಿಗೆ ಒಂದು ಬೆರಳಷ್ಟೂ ತಗ್ಗಿಲ್ಲ. ಎಷ್ಟು ಬಿಗಿಹಿಡಿದಿದ್ದಳೆಂದರೆ, ದಿಂಬಿಗೆ ತಲೆಯನ್ನೂ ಪೂರ್ತಿ ಆನಿಸಿರಲಿಲ್ಲ. ಹೊನ್ನೂರಬಿ ಆಗಲೇ ಮಾತ್ರೆ ಅಗಿಸಿ, ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಯುತ್ತಿದ್ದಳು; ಮಶೀನಿನಿಂದ ಬರುತ್ತಿದ್ದ ಗೆರೆಗಳು ನಮ್ಮ ಮೂರು ಗುಡ್ಡದ ಹಾಗೆ ಎದ್ದೆದ್ದು ನಿಂತಿದ್ದವು. ಗುರುಸಿದ್ಧ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ತುಂಬುತ್ತಿದ್ದ. ದೊಡ್ಡ ಡಾಕ್ಟರು ಗೆರೆ ನೋಡಿದರು, ಹಾಸಿಗೆ ನೋಡಿದರು, ನನ್ನನ್ನು ನೋಡಿದರು. "ಗೆರಿ ಒಂದು ಹೇಳ್ತೈತಿ, ಹಾಸಿಗಿ ಒಂದು ಹೇಳ್ತೈತಿ. ಭಾರ ಎಲ್ಲೈತಿ ಹೊನ್ನೂರಬಿ?" ಎಂದರು.

ಅವಳು ತಲೆ ಎತ್ತಲೂ ಇಲ್ಲ. ಹುಲಿಗೆವ್ವನ ಕತ್ತಿನ ಕೆಳಗೆ ಒಂದು ಕೈ ತೂರಿಸಿದಳು, ಬೆನ್ನಿನ ಕೆಳಗೆ ಇನ್ನೊಂದು. ಬಾಗಿ, ಕಿವಿಯ ಹತ್ತಿರ, ಗೋಣಿ ಓಣಿಯ ಧಾಟಿಯಲ್ಲಿ ಒಂದೇ ಮಾತು ಹೇಳಿದಳು: "ಇಳಸು. ಹಿಡದೀನಿ."

ಹತ್ತಿ ಮಾರುಕಟ್ಟೆಯಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ಹಮಾಲರು ತಲೆಯ ಮೇಲಿನ ಮೂಟೆಯನ್ನು ತಾವಾಗಿ ಕೆಳಗೆ ಎಸೆಯುವುದಿಲ್ಲ. ಲಾರಿಯ ಮೇಲೆ ನಿಂತವನು ಕೈ ಕೊಟ್ಟು "ಹಿಡದೀನಿ" ಅನ್ನುವವರೆಗೆ, ಕತ್ತು ಮುರಿದರೂ, ಹೊತ್ತೇ ನಿಂತಿರುತ್ತಾರೆ. ಇಪ್ಪತ್ತಾರು ವರ್ಷ ಅವರನ್ನೆಲ್ಲ ಹಲಗೆ ಹತ್ತಿಸಿದೆ, ಇಳಿಸಿದೆ. ಆ ಒಂದು ಮಾತನ್ನು ನಾನೂ ಹೇಳಲಿಲ್ಲ, ಯಾರೂ ಹೇಳಲಿಲ್ಲ.

ಹುಲಿಗೆವ್ವನ ಕಣ್ಣಂಚಿನಿಂದ ನೀರು ಇಳಿಯಿತು. "ಯವ್ವಾ... ತಡಿಲಾರೆ" ಎಂದಳು. ಎಂದದ್ದೇ ತಡ, ಮಂಚ ನರಳಿತು. ಹಾಸಿಗೆ ಬಾವಿಯಂತೆ ತಗ್ಗಿತು. ಕಬ್ಬಿಣದ ನಾಲ್ಕು ಕಾಲೂ ಬಿಲ್ಲಿನಂತೆ ಬಾಗಿ, ಅಡಿಯ ಶಾಬಾದ ಕಲ್ಲು ಫಟ್ ಫಟ್ ಎಂದು ಸೀಳಿ, ಮಂಚ ನೆಲಕ್ಕೆ ಇಳಿಯತೊಡಗಿತು. ಗೇಣು ಇಳಿಯಿತು, ಮೊಳ ಇಳಿಯಿತು. ಪಕ್ಕದ ಮಂಚದವರೆಲ್ಲ ಅವಳ ಕಡೆಗೆ ಜಾರಿ ಬಂದರು. ಕಪಾಟಿನ ಸೀಸೆಗಳೆಲ್ಲ ಅವಳತ್ತ ವಾಲಿ ನಿಂತವು. ಹೊನ್ನೂರಬಿ ಮಂಡಿಯೂರಿದಳು, ಆದರೆ ಕೈ ತೆಗೆಯಲಿಲ್ಲ. ಮಂಚದ ಜೊತೆಗೇ ಅವಳೂ ಹೊಂಡಕ್ಕೆ ಇಳಿದಳು. ಗುರುಸಿದ್ಧ ಹೊಟ್ಟೆಯ ಮೇಲೆ ಮಲಗಿ, ತೋಳು ಕೆಳಗೆ ಚಾಚಿ, ಇಂಜೆಕ್ಷನ್ ಕೊಟ್ಟ. ಆಮೇಲೆ ಎಂಜಿನಿಯರ್ ಬಂದು ಹೊಂಡ ಅಳೆದು, ಲೆಕ್ಕ ಹಾಕಿ, ನಾನೂರಾ ಹನ್ನೆರಡು ಕೇಜಿ ಎಂದು ಬರೆದುಕೊಟ್ಟ. ನನ್ನ ಇಡೀ ಜನ್ಮದಲ್ಲಿ ನಾನು ಹೇಳಿದ ಮಾತು ನಿಜಕ್ಕಿಂತ ಚಿಕ್ಕದಾದದ್ದು ಅವತ್ತೊಂದೇ ದಿನ. ಅವಮಾನದಿಂದ ನನಗೆ ಎರಡು ದಿನ ಊಟ ಸೇರಲಿಲ್ಲ.

ಮುಕ್ಕಾಲು ತಾಸು ಹೀಗೇ ಕಳೆಯಿತು. ದೊಡ್ಡ ಡಾಕ್ಟರು ತಮ್ಮ ಕೋಟು ಬಿಚ್ಚಿ ಹೊಂಡದ ಅಂಚಿನಲ್ಲಿ ಕೂತು ಸಲೈನ್ ಬಾಟಲಿ ಹಿಡಿದುಕೊಂಡಿದ್ದರು. ಗುಮಾಸ್ತನಿಗೆ ಬೀಸಣಿಗೆ ಕೊಟ್ಟು ಗಾಳಿ ಹಾಕು ಎಂದರು, ಅವನು ಹಾಕಿದ. ಆಮೇಲೆ ಎಲ್ಲೋ 'ಟಕ್' ಎಂದಿತು. ಮಂಚದ ಒಂದು ಕಾಲು ಕಲ್ಲಿನ ಸೀಳಿನಿಂದ ಕೂದಲೆಳೆಯಷ್ಟು ಮೇಲೆ ಬಂದಿತ್ತು. ಇನ್ನೊಂದು ಟಕ್. ಗಡ್ಡೆ ಕರಗುತ್ತಿದ್ದ ಹಾಗೆ ಮಂಚ ಬೆರಳು ಬೆರಳಾಗಿ ಏರುತ್ತ ಬಂತು. ನಾವೆಲ್ಲ ಉಸಿರು ಬಿಗಿಹಿಡಿದು ಆ ನಾಲ್ಕು ಕಾಲುಗಳನ್ನೇ ನೋಡುತ್ತಿದ್ದೆವು. ಹೊನ್ನೂರಬಿಯ ತಲೆ ಕಂಡಿತು, ಹೆಗಲು ಕಂಡಿತು, ಕಡೆಗೆ ಹುಲಿಗೆವ್ವನ ಮುಖ. ತುಟಿಗೆ ಎಲೆ ಅಡಿಕೆಯ ಕೆಂಪು ಮರಳಿತ್ತು. ಕಣ್ಣು ಬಿಟ್ಟು ಸುತ್ತ ನೆರೆದ ಜನವನ್ನು ನೋಡಿ, "ಏನಽ ಇದು, ಹೆಣ ನೋಡಾಕ ಬಂದೀರೇನು? ಸರೀರಿ, ಗಾಳಿ ಬರ್ಲಿ" ಎಂದು ಗದರಿದಳು. ದೊಡ್ಡ ಡಾಕ್ಟರು ನಕ್ಕರು. ನಕ್ಕವರು ನಿಲ್ಲಿಸಲಾಗದೆ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ವಾರ್ಡಿನ ಅಷ್ಟೂ ಜನ ಒಮ್ಮೆಲೇ ಉಸಿರು ಬಿಟ್ಟಾಗ ಕಿಟಕಿಯ ಪರದೆಗಳು ಹೊರಗೆ ಹಾರಿ ಸಂತೆಯವರೆಗೆ ಹೋದವು.

ಹೊನ್ನೂರಬಿ ಕೈ ಒದರುತ್ತ ನನ್ನ ಪಕ್ಕ ಬಂದು ನಿಂತಳು. ಮೊಣಕೈವರೆಗೆ ಕೆಂಪು ಬಾಸುಂಡೆ. "ಕಾಕಾ, ಮುಳ್ಳು ನಾನೂ ನೋಡಿದ್ದೆ. ಸುಳ್ಳು ಹೇಳಿದ್ರಿ." "ಹೇಳಿದ್ದು ಕಡಿಮಿ ಆತಲ್ಲವ್ವಾ, ಅದಽ ಸಂಕಟ" ಎಂದೆ. ಅವಳು ನಕ್ಕಳು. "ನಿಮ್ಮ ಅಪ್ಪನ ಸಾಲು ನಾನಽ ಬರದಿದ್ದೆ" ಎಂದೆ. "ಗೊತ್ತೈತಿ ಕಾಕಾ. ನಾ ಅವತ್ತು ಬಾಜೂಕಽ ಕುಂತಿದ್ದೆ" ಎಂದಳು. ಪೆಟ್ಟಿಗೆಯಿಂದ ಚಿಮಟ, ಹತ್ತಿ ತೆಗೆದುಕೊಂಡು ಹೊರಗೆ ಹೋದಳು. "ಬರ್ರಿ ಸಾವುಕಾರ್ರ, ಬೆರಳು ತೋರಿಸ್ರಿ. ಭಾಳ ಹೊತ್ತು ತಡದ್ರಿ" ಎಂದಳು. ಮಲ್ಲಶೆಟ್ಟರು ಹೊಂಡದ ಕಡೆ ನೋಡುತ್ತ ಬೆರಳು ಚಾಚಿದರು. ಕೀವು ತೆಗೆಯುವಾಗ ಹಲ್ಲು ಕಚ್ಚಿಕೊಂಡರೇ ಹೊರತು ಕೂಗಲಿಲ್ಲ.

ಸಮಿತಿ ಮುಂದುವರಿಯಲಿ ಎಂದು ದೊಡ್ಡ ಡಾಕ್ಟರು ಅಲ್ಲೇ, ಹೊಂಡದ ಅಂಚಿನಲ್ಲೇ ಸಹಿ ಹಾಕಿದರು. ಕೇಳುವುದು ಮೊದಲು, ತೂಗುವುದು ಆಮೇಲೆ. ಆ ಮಾತು ಬಾಯಿಂದ ಬಾಯಿಗೆ ಹರಿದು ಹೊರಗಿನ ಬೆಂಚಿಗೆ ತಲುಪಿತು. ಅಲ್ಲಿ ಬೆಳಗಿನಿಂದ ಕೂತ ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಿವಿಗೆ ಕಿರ್‍ರೆಂಬ ಸದ್ದು ಬಿತ್ತು. ತೇಗದ ಬೆಂಚು, ನಡುವಿನಲ್ಲಿ, ನಿಧಾನವಾಗಿ ಬಾಗುತ್ತಿತ್ತು.

ಇಬ್ಬರು ಡಾಕ್ಟರಿಗೂ ಕೈ ತುಂಬ ಕೆಲಸ. ನಾನು ಖಾಲಿ ಬಿದ್ದಿದ್ದ ಸ್ಟೂಲನ್ನು ಎಳೆದುಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತ ಮುದುಕನ ಎದುರು ಹಾಕಿದೆ. ಕಲ್ಲಿನ ಕಣಿಯವನು, ರೆಪ್ಪೆಯ ಮೇಲೆಲ್ಲ ಕಲ್ಲಿನ ಪುಡಿ. ಹೇಗೆ ಶುರು ಮಾಡುವುದೋ ತಿಳಿಯಲಿಲ್ಲ. ಇಷ್ಟು ವರ್ಷ ಕೂಗಿದ ಗಂಟಲು, ಮೆಲ್ಲಗೆ ಮಾತಾಡಲು ಹೋಗಿ ಒಡೆಯಿತು. "ಎಲ್ಲಿ ನೋವು, ಅಜ್ಜಾ?" ಎಂದೆ.

ಮುದುಕ ನನ್ನನ್ನು ಅನುಮಾನದಿಂದ ನೋಡಿದ. ಹಿಂದೆ ಮುಂದೆ ನೋಡಿ, ಇವನು ಕೇಳಿದ್ದು ನನ್ನನ್ನೇ ಎಂದು ಖಾತ್ರಿ ಮಾಡಿಕೊಂಡ. "ಖರೇನಽ ಕೇಳಾಕತ್ತೀರೇನ್ರಿ?" ಎಂದ.

"ಖರೇನಽ."

"ಹಂಗಾದ್ರ ಎಲ್ಲಿಂದ ಸುರು ಮಾಡ್ಲಿ? ಭಾಳ ಐತ್ರಿ."

"ಎಲ್ಲಿಂದಾದರೂ ಸುರು ಮಾಡು. ಸಂಜೀತನಕ ನಾ ಎಲ್ಲೂ ಹೋಗೂದಿಲ್ಲ" ಎಂದೆ. ಮುದುಕ ಎರಡೂ ಕೈಯಿಂದ ಬಲಗಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟ.